ಎಲ್ಫ್ ರಾಣಿಗೆ ಶಿರಸಿ ಅಳತೆ

ಶಿರಸಿಯ ಒಂದು ಹೊಲಿಗೆಯಂಗಡಿ. ಊಟ ಮುಗಿದು ಗಿರಾಕಿಗಳಿಲ್ಲದ ಹೊತ್ತು. ಹುಡುಗಿ ಸಿದ್ದಾಪುರದ ಕಡೆಯವಳು, ಕೆಲಸ ಬೆಂಗಳೂರಲ್ಲಿ, ಕೊಡುವುದು ಯಲ್ಲಾಪುರಕ್ಕೆ. ಅತ್ತೆ ಎಂದರೆ ಅವಳ ಅಪ್ಪನ ತಂಗಿ. ಮದುವೆ ಸೀಸನ್ನಿನಲ್ಲಿ ರವಿಕೆ ಹೊಲಿಯುತ್ತಾಳೆ, ಮಳೆಗಾಲ ಮುಗಿದು ಯಕ್ಷಗಾನ ಮೇಳ ಹೊರಡುವ ಮೊದಲು ವೇಷದ ಬಟ್ಟೆ ಹೊಲಿಯುತ್ತಾಳೆ.

ಹುಡುಗಿ: ಅತ್ತೆ, ಮೊದಲು ಫೋಟೋ ನೋಡು. ನಗೋದು ಆಮೇಲೆ.

ಅತ್ತೆ: ಯಾರೇ ಇವಳು? ಕಿವಿ ತುದಿ ಚೂಪಾಗಿದೆಯಲ್ಲ.

ಹುಡುಗಿ: ಆರ್ವೆನ್ ಅಂತ. ‘ಲಾರ್ಡ್ ಆಫ್ ದಿ ರಿಂಗ್ಸ್’ ಸಿನಿಮಾದ ಎಲ್ಫ್ ರಾಜಕುಮಾರಿ. ಎಲ್ಫ್ ಅಂದ್ರೆ ಕಾಡಲ್ಲಿರೋ ಜನ, ಮುಪ್ಪಿಲ್ಲ, ಸಾವಿಲ್ಲ. ಇದು 2003ರಲ್ಲಿ ಬಂದ ಮೂರನೇ ಭಾಗದ ಕೊನೇಲಿ ಅವಳು ಉಡೋದು. ಆ ಸಿನಿಮಾದ ಉಡುಪಿಗೆ ಆಸ್ಕರ್ ಬಂತು. ಆರತಕ್ಷತೆಗೆ ನಂಗೆ ಇಂಥದ್ದು ಬೇಕು.

ಅತ್ತೆ: ಸಾವಿಲ್ಲದವರು ಅಂದಮೇಲೆ ಗಂಧರ್ವರ ಕಡೆಯವರು ಅನ್ನು. ಬಣ್ಣ ಚಂದ ಇದೆ, ತಿಳಿ ಹಸಿರು. ನೀನು ಬಿಳಿ ಗೌನು ತೋರಿಸ್ತೀಯ ಅಂತ ನಾನು ತಯಾರಾಗಿ ಕೂತಿದ್ದೆ.

ಹುಡುಗಿ: ಬಿಳಿ ನಂಗೂ ಬೇಡ. ಬಿಳಿ ಅನ್ನೋದು ಇಂಗ್ಲಿಷರಿಗೂ ಭಾಳ ಹಳೇದಲ್ಲ ಅತ್ತೆ. 1840ರ ಫೆಬ್ರವರಿ 10ಕ್ಕೆ ವಿಕ್ಟೋರಿಯಾ ರಾಣಿ ಬಿಳಿ ಸ್ಯಾಟಿನ್ ಹಾಕ್ಕೊಂಡು ಮದುವೆಯಾದ್ಲು. ಅದರ ಮೇಲೆ ಹಾನಿಟನ್ ಲೇಸು, ಇಂಗ್ಲೆಂಡಿನ ಲೇಸು ಹೆಣೆಯೋರಿಗೆ ಕೆಲಸ ಸಿಗಲಿ ಅಂತ. ಅದಕ್ಕೆ ಮೊದಲು ಅಲ್ಲೂ ಹೆಚ್ಚಿನವರು ಬಣ್ಣದ್ದೇ ಹಾಕ್ತಿದ್ದದ್ದು.

ಅತ್ತೆ: ರಾಣಿ ಹಾಕಿದ್ದು ಊರಿಗೆಲ್ಲ ಶಾಸ್ತ್ರ ಆಯ್ತು. ಇಲ್ಲೂ ಬಿಳಿ ಅಂದ್ರೆ ಅಪಶಕುನ ಅಂತ ಎಲ್ಲರೂ ಕಣ್ಮುಚ್ಚಿ ಹೇಳ್ತಾರೆ. ಅದು ಹಿಂದಿ ಸಿನಿಮಾ ನೋಡಿ ಕಲಿತದ್ದು. ನಾನು ಸಣ್ಣವಳಿದ್ದಾಗ ಮನೇಲಿದ್ದ ವಿಧವೆ ಮಡಿ ಅಜ್ಜಿ ಉಡ್ತಿದ್ದದ್ದು ಕೆಂಪು ಸೀರೆ. ತಲೆ ಬೋಳಿಸಿ, ರವಿಕೆ ಇಲ್ಲದೆ, ಬರೀ ಕೆಂಪು. ಮದುಮಗಳಿಗೂ ಕೆಂಪು, ಅವಳಿಗೂ ಕೆಂಪು. ಹಾಗಾಗಿ ಬಣ್ಣದ ಶಕುನ ನನ್ನ ಹತ್ರ ಯಾರೂ ಹೇಳಬೇಡಿ. ಇರಲಿ. ಬಟ್ಟೆ ಯಾವುದು ಅಂದ್ಕೊಂಡಿದೀಯ?

ಹುಡುಗಿ: ಬೆಂಗಳೂರಲ್ಲಿ ಒಬ್ಬರನ್ನ ಕೇಳಿದೆ. ನೆಟ್ ಮೇಲೆ ನೆಟ್ ಹಾಕಿ, ಒಳಗೆ ಕ್ಯಾನ್ ಕ್ಯಾನ್ ಕೊಟ್ಟು ಉಬ್ಬಿಸಿ ಮಾಡ್ತೀವಿ ಅಂದ್ರು. ಬೇಡ ಅಂದ್ರೆ ಬಾಡಿಗೆಗೂ ಕೊಡ್ತಾರಂತೆ.

ಅತ್ತೆ: ಆ ನೆಟ್ಟು ನೈಲಾನು, ಇಲ್ಲ ಪಾಲಿಯೆಸ್ಟರು. ಅದರ ಹತ್ರ ಕಿಡಿ ಹಾರಿದ್ರೆ ಉರಿಯೋ ಮೊದಲು ಕರಗತ್ತೆ, ಕರಗಿದ್ದು ಮೈಗೆ ಅಂಟತ್ತೆ. ರೇಷ್ಮೆ ಹಾಗಲ್ಲ. ಕಿಡಿ ಬಿದ್ದಲ್ಲಿ ಕರಿಕಾಗತ್ತೆ, ಮುಟ್ಟಿದ್ರೆ ಪುಡಿ ಉದುರತ್ತೆ, ಬೆಂಕಿಯಿಂದ ಈಚೆ ಎಳೆದ್ರೆ ಹೆಚ್ಚಾಗಿ ತಾನೇ ಆರತ್ತೆ. ಹೋಮದ ಮುಂದೆ ಪಟ್ಟೆಯೇ ಉಡಬೇಕು ಅಂತ ಹಿರಿಯರು ಹೇಳಿದ್ದು ಮಡಿಗೆ ಅಂತಾರೆ ಭಟ್ಟರು. ಹೊಲಿಯೋ ನನಗೆ ಕಾಣೋ ಕಾರಣ ಬೇರೆ.

ಹುಡುಗಿ: ಆರತಕ್ಷತೆಗೆ ಹೋಮ ಎಲ್ಲಿದೆ?

ಅತ್ತೆ: ಆರತಿ ಇಲ್ವಾ? ದೀಪಕಂಬ ಇಲ್ವಾ? ಸೀಮೆಯ ಸುವಾಸಿನಿಯರೆಲ್ಲ ತಟ್ಟೆ ಹಿಡಿದು ನಿನ್ನ ಮೈ ಮೇಲೇ ಬರೋರಿದ್ದಾರೆ. ಮತ್ತೆ ಈ ಫೋಟೋ ಸರಿಯಾಗಿ ನೋಡು. ಇದರಲ್ಲಿ ಬಟ್ಟೆ ಉಬ್ಬಿ ನಿಂತಿಲ್ಲ, ಇಳಿದಿದೆ. ಇದಕ್ಕೆ ನೆಟ್ಟು ತೋರಿಸಿದವರಿಗೆ ಕಣ್ಣಿಲ್ಲ ಅಂತ ಅರ್ಥ. ಇದಕ್ಕೆ ಬೇಕಾದದ್ದು ಮೈಸೂರು ಕ್ರೇಪ್. 1912ರಲ್ಲಿ ಮಹಾರಾಜರು ಕಾರ್ಖಾನೆ ಶುರು ಮಾಡಿದ್ದೇ ಆ ಬಟ್ಟೆಯ ಪುಣ್ಯ. ಅದು ಮೈಮೇಲೆ ಹಾಕಿದ್ರೆ ನೀರು ಬಿಟ್ಟ ಹಾಗೆ ಇಳಿಯತ್ತೆ. ಸುಕ್ಕು ಕೂತರೂ ಕೊಡವಿದ್ರೆ ಹೋಗತ್ತೆ.

ಹುಡುಗಿ: ಕೆಳಗೆ ಮಾತ್ರ ಘೇರು ಬೇಕು ಅತ್ತೆ. ತಿರುಗಿದ್ರೆ ಅರಳಬೇಕು.

ಅತ್ತೆ: ನಿನ್ನ ಲೆಕ್ಕದಲ್ಲಿ ಸೊಂಟ 28, ಉದ್ದ 42. ಪೂರ್ತಿ ಅಂಬ್ರೆಲಾ ಕಟ್ ಮಾಡಿದ್ರೆ ಕೆಳಸುತ್ತು ಎಷ್ಟಾಗತ್ತೆ? ಇಂಜಿನಿಯರು ನೀನು, ಹೇಳು.

ಹುಡುಗಿ: ಸೊಂಟದ ಸುತ್ತಿಗೆ ತ್ರಿಜ್ಯ ಸುಮಾರು ನಾಲ್ಕೂವರೆ ಇಂಚು. ಅದಕ್ಕೆ 42 ಕೂಡಿಸಿದ್ರೆ ನಲವತ್ತಾರೂವರೆ. ಸುತ್ತಳತೆ... 292 ಇಂಚು. ಅಯ್ಯೋ, ಎಂಟು ಗಜ!

ಅತ್ತೆ: ನನ್ನಜ್ಜಿ ಉಡ್ತಿದ್ದದ್ದು ಒಂಬತ್ತು ಗಜ. ಕಚ್ಚೆ ಹಾಕಿ ಬಿಗಿದು ತೋಟಕ್ಕಿಳಿದು ಸೊಪ್ಪು ಹೊತ್ತು ಬರ್ತಿದ್ಲು. ಹೆಚ್ಚು ಕಮ್ಮಿ ಅಷ್ಟೇ ಸುತ್ತನ್ನ ನೀನು ನೆಲದ ಮೇಲೆ ಹರಡ್ತೀಯ. ಬಟ್ಟೆ ಹೆಚ್ಚಾಯ್ತು ಅಂತ ನಾನು ಹೇಳಲ್ಲ. ಅದನ್ನ ಹೊತ್ತು ನಡೆಯೋ ನೆಲ ಯಾವುದು ಅಂತ ಕೇಳ್ತೀನಿ.

ಹುಡುಗಿ: ಹಾಲ್ ಅಲ್ವಾ? ಟೈಲ್ಸ್ ನೆಲ.

ಅತ್ತೆ: ಆರತಕ್ಷತೆ ಹಾಲಲ್ಲಿ. ಅಲ್ಲಿಂದ ಯಲ್ಲಾಪುರದ ಮನೆಗೆ ಹೋಗೋದು ಅದೇ ರಾತ್ರಿ, ಅದೇ ಉಡುಪಲ್ಲಿ, ಅಂತ ನಿನ್ನ ಆಯಿ ಹೇಳಿದ್ಲು. ಕಾರಲ್ಲಿ ಇಬ್ಬರು ಅತ್ತಿಗೆಯರ ಮಧ್ಯ ಕೂರಬೇಕು. ಸಗಣಿ ಸಾರಿಸಿದ ಅಂಗಳ ದಾಟಬೇಕು. ಜಗಲಿಗೆ ಮೆಟ್ಟಿಲು, ಒಳಗೆ ಹೊಸ್ತಿಲು, ಹೊಸ್ತಿಲ ಮೇಲೆ ಅಕ್ಕಿ ತುಂಬಿದ ಸೇರು. ಎಂಟು ಗಜದ ಸುತ್ತಿನೊಳಗೆ ಬಲಗಾಲು ಎಲ್ಲಿದೆ ಅಂತ ನಿಂಗೇ ಗೊತ್ತಿರಲ್ಲ.

ಹುಡುಗಿ: ಇಂಗ್ಲೆಂಡಿನ ರಾಜಕುಮಾರಿ ಡಯಾನಾ ತನ್ನ ಮದುವೇಲಿ ಹಾಗೇ ಮಾಡ್ಕೊಂಡ್ಲು. 1981ರ ಜುಲೈ 29ಕ್ಕೆ. ಅವಳ ಗೌನಿನ ಹಿಂದಿನ ಬಾಲ 25 ಅಡಿ ಇತ್ತಂತೆ. ಗಾಜಿನ ಸಾರೋಟಿನೊಳಗೆ ಅದನ್ನ ಮಡಚಿ ತುರುಕಿ, ಇಳಿದಾಗ ಟಫೆಟಾ ಪೂರ್ತಿ ಮುದ್ದೆ. ಲೋಕವೆಲ್ಲ ಟೀವೀಲಿ ನೋಡ್ತು.

ಅತ್ತೆ: ಸುಕ್ಕಾದದ್ದು ಸಾರೋಟಿನಲ್ಲಿ. ಮದುವೆ ನಡೆದ ಇಗರ್ಜಿಯೊಳಗೆ ನಡೆಯೋ ಹಾದಿಗೆ ಆ ಬಾಲ ಸರಿಯಾಗೇ ಇತ್ತು. ಅಷ್ಟುದ್ದದ ಹಾದಿಗೆ ಅಷ್ಟುದ್ದದ ಬಾಲ. ಅದನ್ನ ಹೊಲಿದವರು ಇಗರ್ಜಿ ಅಳೆದ್ರು, ಗಾಡಿ ಅಳೆಯೋದು ಬಿಟ್ರು. ವೇಷ ಹೊಲಿಯೋರು ಮೊದಲು ಕೇಳೋದೇ ರಂಗಸ್ಥಳ ಎಲ್ಲಿ, ಬೆಳಕು ಯಾವುದು, ಕುಣಿತ ಎಷ್ಟು ಅಂತ. ನಮ್ಮ ಬಡಗುತಿಟ್ಟು ಯಕ್ಷಗಾನದ ವೇಷದಲ್ಲಿ ಯಾಕೆ ಅಷ್ಟೊಂದು ಕೆಂಪು, ಹಳದಿ, ಕಪ್ಪು? ದೀವಟಿಗೆ ಬೆಳಕಲ್ಲಿ ನೀಲಿ, ಹಸಿರು ಮಂಕಾಗಿಬಿಡ್ತಾವೆ. ಕೆಂಪು ಹಳದಿ ಎದ್ದು ಕಾಣ್ತಾವೆ. ಭುಜಕೀರ್ತಿ, ಎದೆಕಟ್ಟು ಎಲ್ಲ ಹಗುರ ಮರದ್ದು, ಮೇಲೆ ಬೇಗಡೆ, ಕನ್ನಡಿ ಚೂರು. ಬಂಗಾರದ್ದಾಗಿದ್ರೆ ಕುಣಿಯೋಕೆ ಆಗ್ತಿರಲಿಲ್ಲ, ಕಳ್ಳರ ಕಾಟ ಬೇರೆ. ನಿನ್ನ ಹಸಿರು ಬಟ್ಟೆ ಅಂಗಡಿಯ ಟ್ಯೂಬ್‌ಲೈಟಲ್ಲಿ ನೋಡಿ ತಗೋಬೇಡ. ಹಾಲಿನ ದೀಪ ಹಳದಿಯೋ ಬಿಳಿಯೋ ನೋಡ್ಕೊಂಡು ಬಾ, ಆ ಬೆಳಕಲ್ಲಿ ಹಿಡಿದು ನೋಡು.

(ಬರೆಯುವವನ ಒಂದು ಮಾತು ಇಲ್ಲಿ ಸೇರಲಿ. ಈಗ ಮಂಟಪದಲ್ಲಿ ಪುರೋಹಿತರಿಗಿಂತ ಹೆಚ್ಚು ಅಪ್ಪಣೆ ಕೊಡುವವರು ಫೋಟೋದವರು. ಅವರ ದೀಪ ಒಂದು ಗಳಿಗೆಗೆ ಎಲ್ಲ ಬಣ್ಣವನ್ನೂ ಚಂದ ಮಾಡುತ್ತದೆ. ಅತ್ತೆ ಹೇಳುತ್ತಿರುವುದು ಉಳಿದ ಐದು ತಾಸಿನ ಬಗ್ಗೆ.)

ಹುಡುಗಿ: ಸರಿ. ಪೂರ್ತಿ ಅಂಬ್ರೆಲಾ ಬೇಡ. ಅರ್ಧ?

ಅತ್ತೆ: ಕಲಿ ಕಲಿಯಾಗಿ ಕತ್ತರಿಸ್ತೀನಿ. ಮೊಣಕಾಲ ತನಕ ಮೈಗಂಟಿ ಇಳಿಯಲಿ, ಅಲ್ಲಿಂದ ಕೆಳಗೆ ಬಿಡ್ತೀನಿ. ನಡೆಯುವಾಗ ಘೇರು ಕಾಣತ್ತೆ, ನಿಂತಾಗ ಒಳಗೆ ಹೋಗತ್ತೆ. ಅಂಚಿಗೊಂದು ಕೆಂಪು-ಹಳದಿ-ಕಪ್ಪು ಚೌಕುಳಿ ಕೊಟ್ಟರೆ? ಯಕ್ಷಗಾನ ವೇಷದ ಕಸೆ ಸೀರೇದು. ಒಳ್ಳೇ ತುಂಡು ಉಳಿದಿದೆ ನನ್ನ ಹತ್ರ.

ಹುಡುಗಿ: ಬೇಡ.

ಅತ್ತೆ: ಎಂತಕ್ಕೆ?

ಹುಡುಗಿ: ಎಲ್ಲರೂ ಇದನ್ನೇ ಹೇಳ್ತಾರೆ ಅತ್ತೆ. ಗೌನು ಹಾಕ್ಕೋ, ಅಡ್ಡಿಲ್ಲ, ಆದ್ರೆ ಇಳಕಲ್ ಅಂಚಿರಲಿ. ಕಿರೀಟ ಇಟ್ಕೋ, ಆದ್ರೆ ಯಕ್ಷಗಾನದ್ದಿರಲಿ. ಹೊರಗಿನ ಕನಸು ಕಂಡ್ರೆ ಅದಕ್ಕೆ ಊರಿನ ಅಂಚು ಹೊಲಿದು ತೋರಿಸ್ಲೇಬೇಕಾ? ಕನಸಿಗೂ ರಹದಾರಿ ಬೇಕಾ? ನಾನು ಈ ಸಿನಿಮಾದ ಮೂಲ ಪುಸ್ತಕ ಓದಿದ್ದು ಹೈಸ್ಕೂಲಲ್ಲಿ, ಸಿದ್ದಾಪುರದ ಮಳೇಲಿ, ಕರೆಂಟಿಲ್ಲದ ಮನೇಲಿ, ಮೊಂಬತ್ತಿ ಹಚ್ಕೊಂಡು. ಆಚೆ ಕಾಡು. ಒಳಗೆ ಪುಸ್ತಕದಲ್ಲೂ ಕಾಡು. ಆಗಿಂದ ಅದು ನಂದೇ.

ಅತ್ತೆ: ಬೈದು ಹೇಳಿದ್ರೂ ಸರಿಯಾಗೇ ಹೇಳಿದೆ. ಚೌಕುಳಿ ವಾಪಸ್ ತಗೊಂಡೆ.

ಹುಡುಗಿ: ಸಿಂಡ್ರೆಲಾ ಕೂಡ ನಮ್ಮಲ್ಲಿಗೆ ಮೊನ್ನೆ ಬಂದವಳಲ್ಲ. ಅಮರ ಚಿತ್ರ ಕಥೆ ಮೊದಲು ಬಂದದ್ದು ಯಾವ ಭಾಷೇಲಿ ಗೊತ್ತಾ? ಕನ್ನಡದಲ್ಲಿ. 1965ರಲ್ಲಿ, ಬೆಂಗಳೂರಲ್ಲಿ. ಮೊದಲ ಹತ್ತು ಪುಸ್ತಕದಲ್ಲಿ ರಾಮ ಇಲ್ಲ, ಕೃಷ್ಣ ಇಲ್ಲ. ಸಿಂಡ್ರೆಲಾ, ಸ್ನೋ ವೈಟ್, ಅಲ್ಲಾವುದ್ದೀನ್, ಇವೇ. ಇಂಗ್ಲಿಷಿನಲ್ಲಿ ‘ಕೃಷ್ಣ’ ಬರುವಾಗ ಅದರ ನಂಬರು ಹನ್ನೊಂದು. ಅರವತ್ತು ವರ್ಷದ ಹಿಂದೆಯೇ ಗೌನು ಹಾಕಿದ ಹುಡುಗಿ ಕನ್ನಡ ಮಾತಾಡಿದ್ದಾಳೆ. ನಾನೇನು ಹೊಸದಾಗಿ ಕೆಡಿಸ್ತಿಲ್ಲ.

ಅತ್ತೆ: ನಂದು ಚಂದಮಾಮ. 1947ರಲ್ಲಿ ತೆಲುಗು, ತಮಿಳಲ್ಲಿ ಶುರುವಾಗಿ ಆಮೇಲೆ ಕನ್ನಡಕ್ಕೆ ಬಂತು. ಅದರಲ್ಲಿನ ರಾಜಕುಮಾರಿಯರ ರವಿಕೆ ನೋಡಿ ನೋಡಿಯೇ ನಾನು ಹೊಲಿಗೆಗೆ ಬಿದ್ದದ್ದು. ತೋಳಿನ ಕೊನೇಲಿ ಒಂದು ಸಣ್ಣ ಪಟ್ಟಿ, ಬೆನ್ನಲ್ಲಿ ಗಂಟು. ಆ ರವಿಕೆ ಯಾವ ದೇಶದ್ದೂ ಅಲ್ಲ, ಯಾವ ಕಾಲದ್ದೂ ಅಲ್ಲ. ಬರೆದವರ ಕೈಯಲ್ಲಿ ಹುಟ್ಟಿದ್ದು. ಇವತ್ತು ಹೆಣ್ಣುಮಕ್ಕಳು ಬಂದು ‘ಟ್ರೆಡಿಷನಲ್ ಬ್ಲೌಸ್’ ಅಂತ ಹೊಲಿಸ್ಕೊಳ್ಳೋದು ಅದನ್ನೇ.

ಹುಡುಗಿ: ನೋಡಿದ್ಯಾ!

ಅತ್ತೆ: ತಡಿ, ನಿನ್ನ ಸಿಂಡ್ರೆಲಾಗೆ ನಮ್ಮಲ್ಲೊಬ್ಬಳು ಅಕ್ಕ ಇದ್ದಾಳೆ. ಹಂಚಿ. ಎ.ಕೆ. ರಾಮಾನುಜನ್ ಬರೆದುಕೊಂಡ ಕನ್ನಡದ ಕತೆ. ಸಿಂಡ್ರೆಲಾ ಕತೆಗಳ ಬಗ್ಗೆ 1982ರಲ್ಲಿ ಅಮೆರಿಕದಲ್ಲಿ ಬಂದ ಪುಸ್ತಕದಲ್ಲಿ ಅದೂ ಸೇರಿದೆ. ನಿನ್ನ ಮಾವ ಹೇಳಿದ್ದು ನಂಗೆ. ಆ ಹುಡುಗಿಗೆ ಅಪ್ಸರೆ ಬಂದು ಗೌನು ಕೊಡಲ್ಲ. ಅವಳ ರೂಪ ನೋಡಿ ಮನೆಯ ಗಂಡಿನ ಕಣ್ಣೇ ಕೆಡತ್ತೆ. ಅದಕ್ಕೆ ತಾಯಿ ಅವಳ ಮುಖಕ್ಕೆ ಮಣ್ಣಿನ ಮುಖವಾಡ ಹಾಕಿ ಮನೆ ಬಿಡಿಸ್ತಾಳೆ. ಸಾಹುಕಾರನ ಮನೇಲಿ ಅಡಿಗೆ ಕೆಲಸಕ್ಕೆ ಸೇರ್ತಾಳೆ. ಮೀಯುವಾಗ ಮುಖವಾಡ ತೆಗೆದದ್ದನ್ನ ಆ ಮನೆಯ ಮಗ ನೋಡ್ತಾನೆ. ಅಲ್ಲಿ ಗೌನು ಹಾಕಿದ ಮೇಲೆ ಚಂದ ಆಗೋದು, ಇಲ್ಲಿ ಹಾಕಿದ್ದು ತೆಗೆದ ಮೇಲೆ. ನಂಗೆ ಹಂಚಿಯೇ ಹೆಚ್ಚು ನಿಜ ಅನ್ಸತ್ತೆ. ಹೆಣ್ಣುಮಕ್ಕಳು ಉಡೋ ಬಟ್ಟೆಯಲ್ಲಿ ಅರ್ಧ ಕಾಣೋಕೆ, ಅರ್ಧ ತಪ್ಪಿಸಿಕೊಳ್ಳೋಕೆ.

ಹುಡುಗಿ: ನಂದು ಪೂರ್ತಿ ಕಾಣೋಕೆ.

ಅತ್ತೆ: ಅದು ಹೇಳೋ ಧೈರ್ಯ ನಿಂಗೆ ಎಲ್ಲಿಂದ ಬಂತು ಅಂತ ಯೋಚಿಸಿದೀಯಾ? ನಿನ್ನ ಮುತ್ತಜ್ಜಿ, ಅದೇ ಒಂಬತ್ತು ಗಜದವಳು, ಮದುವೆ ಆದದ್ದು ಶಾರದಾ ಕಾಯ್ದೆಯ ಗಡಿಬಿಡೀಲಿ. 1929ರಲ್ಲಿ ಕಾಯ್ದೆ ಆಯ್ತು, 1930ರ ಏಪ್ರಿಲ್‌ನಿಂದ ಜಾರಿ, ಹುಡುಗಿಗೆ ಹದಿನಾಲ್ಕು ತುಂಬಿರಬೇಕು ಅಂತ. ಅದರೊಳಗೆ ಮುಗಿಸಿಬಿಡೋಣ ಅಂತ ದೇಶದಲ್ಲೆಲ್ಲ ಎದ್ದೂ ಬಿದ್ದೂ ಮದುವೆ ಮಾಡಿದ್ರು. ಇವಳು ಆಗ ಕೂಸು. ಸೀರೆ ಆರಿಸಿದ್ದು ಅಜ್ಜ, ಅದನ್ನ ಹೊತ್ತು ತಂದದ್ದು ಗಾಡಿಯವ. ಉದ್ದ ಹೆಚ್ಚಾಗಿ ಒಳಗೆ ಮಡಚಿ ಮಡಚಿ ಸೊಂಟಕ್ಕೆ ಗಂಟು ಹಾಕಿದ್ರಂತೆ. ಧಾರೆ ಹೊತ್ತಿಗೆ ನಿದ್ದೆ. ಮೇಲೆ ಬಾಸಿಂಗ ಕಟ್ಟಿದ್ರು, ಅದು ಕಣ್ಣಿಗೆ ಜಾರಿ ಅವಳಿಗೆ ಗಂಡನ ಮುಖ ಕಂಡದ್ದು ಮಾರನೇ ದಿನ. ಇದನ್ನೆಲ್ಲ ನಗ್ತಾ ಹೇಳ್ತಿದ್ಲು. ನಾವೂ ನಕ್ಕಿದ್ದೇ.

ಹುಡುಗಿ: ಈಗ ನಗೋಕೆ ಆಗಲ್ಲ.

ಅತ್ತೆ: ನನ್ನ ಕಾಲಕ್ಕೆ ಎರಡು ಸೀರೆ ತಂದು ಇದ್ರಲ್ಲಿ ಯಾವುದು ಅಂತ ಕೇಳಿದ್ರು. ನಿನ್ನ ಕಾಲಕ್ಕೆ ಯಾವ ಲೋಕದ್ದು ಬೇಕು ಅಂತ ಕೇಳ್ತಿದ್ದಾರೆ. ಇದರಲ್ಲಿ ಪ್ರೀತಿಯೂ ಇದೆ, ಪೇಟೆ ದರವೂ ಇದೆ ಮತ್ತೆ. ತೋಟದ ಮಾಣಿಗಳಿಗೆ ಹೆಣ್ಣು ಸಿಗದ ಕಾಲ ಇದು. ಈ ಮೂರು ತಾಲೂಕಲ್ಲಿ ಅಡಿಕೆ ದರ ಕೇಳಿದ ಉಸಿರಲ್ಲೇ ಯಾರ ಮಗನಿಗೆ ಎಷ್ಟು ವರ್ಷ ಆಯ್ತು ಅಂತಲೂ ಕೇಳ್ತಾರೆ. ನೀನು ಚೂಪು ಕಿವಿ ಅಂಟಿಸ್ಕೊಂಡು ಬರ್ತೀನಿ ಅಂದ್ರೂ ಯಲ್ಲಾಪುರದವರು ಹೂಂ ಅಂದಾರು.

ಹುಡುಗಿ: ಕಿವಿ ಬೇಡ ಅಂತ ನಾನೇ ಬಿಟ್ಟೆ. ಹುಡುಗ ಮಾತ್ರ ಪಂಚೆ, ಶಲ್ಯ ಬಿಟ್ಟು ಬೇರೆ ಹಾಕಲ್ಲ ಅಂತಿದ್ದಾನೆ. ಮನೇಲೇ ಕೂತು ಕಂಪ್ಯೂಟರ್ ಕೆಲಸ, ಹೊತ್ತಿಳಿದ ಮೇಲೆ ತೋಟ. ಅವನಿಗೆ ವೇಷ ಅಂದ್ರೆ ನಾಚಿಕೆ.

ಅತ್ತೆ: ಹಾಗಾದ್ರೆ ನೋಡೋರಿಗೆ ಹೇಗೆ ಕಾಣತ್ತೆ? ಯಕ್ಷಗಾನದ ಒಂದು ಒಡ್ಡೋಲಗದಲ್ಲಿ ಎಲ್ಲರೂ ಒಂದೇ ಲೋಕದವರಾಗಿರಬೇಕು. ರಾಜ, ಮಂತ್ರಿ, ರಾಕ್ಷ‌ಸ, ಬೇರೆ ಬೇರೆ ಮುಖವರ್ಣಿಕೆ ಇದ್ರೂ ಕೈ ಒಂದೇ. ಒಬ್ಬ ಪ್ಯಾಂಟು ಹಾಕಿ ಬಂದ್ರೆ ಮುಗೀತು ಕತೆ. ಅವನಿಗೆ ವೇಷ ಬೇಡ. ನಿನ್ನ ಹಸಿರಿನದ್ದೇ ಒಂದು ನೂಲೆಳೆ ಅವನ ಶಲ್ಯದ ಅಂಚಿಗೆ ಕೊಡ್ತೀನಿ. ನೀನು ಹೊರಗಿಂದ ಬಂದವಳು, ಅವನು ಆ ನೆಲದವನು, ಅಂತಾದರೂ ಆಗತ್ತೆ. ನಿನ್ನ ಕತೇಲಿ ಅವಳ ಗಂಡ ಯಾರು?

ಹುಡುಗಿ: ಮನುಷ್ಯ. ಸಾಯೋನು. ಅವನಿಗಾಗಿ ಅವಳು ತನ್ನ ಸಾವಿಲ್ಲದ ಬಾಳು ಬಿಡ್ತಾಳೆ.

ಅತ್ತೆ: ಬೆಂಗಳೂರು ಬಿಟ್ಟು ಯಲ್ಲಾಪುರಕ್ಕೆ ಹೊರಟವಳು ಈ ಉಡುಪು ಆರಿಸಿದ್ದು ಸುಮ್ಮನೆ ಅಲ್ಲ ಅನ್ನು.

ಹುಡುಗಿ: ಅತ್ತೆ! ನಾನು ವಾರಕ್ಕೆ ಮೂರು ದಿನ ಆಫೀಸಿಗೆ ಹೋಗೋಳೇ.

ಅತ್ತೆ: ಆಯ್ತು ಮಾರಾಯ್ತಿ. ಧಾರೆಗೆ ಎಂತ?

ಹುಡುಗಿ: ಧಾರೆಗೆ ಪಟ್ಟೆ ಸೀರೆ, ದಂಡೆ, ಬಾಸಿಂಗ. ಅದರಲ್ಲಿ ನಂಗೆ ತಕರಾರಿಲ್ಲ. ಆರತಕ್ಷತೆ ಮಾತ್ರ ನಂದು ಅಂತ ಮಾತಾಗಿದೆ.

ಅತ್ತೆ: ಬಾಸಿಂಗಕ್ಕಿಂತ ದೊಡ್ಡ ಫ್ಯಾಂಟಸಿ ಇನ್ನೆಂತ ಬೇಕು ಅಂತೀನಿ ನಾನು. ಮಾಣಿಯನ್ನ ಮಹಾವಿಷ್ಣು ಅಂತ ಕಾಲು ತೊಳೀತಾರೆ, ಕೂಸನ್ನ ಲಕ್ಷ್ಮಿ ಅಂತ ಧಾರೆ ಎರೀತಾರೆ. ಹಣೆಗೆ ಬೆಂಡಿನ ಕಿರೀಟ. ಮಾರನೇ ದಿನ ವಿಷ್ಣು ಕೊಟ್ಟಿಗೆಗೆ ಹೋಗಿ ಹಾಲು ಕರೀತಾನೆ. ಇದು ವೇಷ ಅಲ್ದೆ ಎಂತದು? ಈ ಶಿರಸಿಯಲ್ಲಂತೂ ಎರಡು ವರ್ಷಕ್ಕೊಮ್ಮೆ ದೇವಿಗೇ ಮದುವೆ. ಹೊಸ ಬಣ್ಣ ಬಳಿದು, ಸೀರೆ ಉಡಿಸಿ, ಮಂಗಳವಾರ ರಾತ್ರಿ ಮಾರಿಕಾಂಬೆಯ ಕಲ್ಯಾಣ, ಬುಧವಾರ ರಥ ಏರಿ ಬಿಡ್ಕಿಬೈಲಿಗೆ. ಜಾತ್ರೆ ಇಲ್ಲದ ವರ್ಷ ಹೋಳಿಗೆ ಬೇಡರ ವೇಷ, ನವಿಲುಗರಿ ಬೆನ್ನಿಗೆ ಕಟ್ಕೊಂಡು ರಾತ್ರಿಯೆಲ್ಲ ಬೀದೀಲಿ ಕುಣಿತ. ಈ ಊರಿನ ಜನಕ್ಕೆ ನಿನ್ನ ಗೌನು ನೋಡಿ ಆಶ್ಚರ್ಯ ಆಗಲ್ಲ. ಆಗೋದು ಹೊಟ್ಟೆಯುರಿ.

ಹುಡುಗಿ: ಕಿರೀಟದ ವಿಷಯ ಬಂತಲ್ಲ. ಅವಳ ತಲೇಲಿ ಒಂದಿದೆ ನೋಡು, ಎಲೆ ಬಳ್ಳಿ ಸುತ್ತಿದ ಹಾಗೆ. ಬೆಂಗಳೂರಲ್ಲಿ ತಂತಿಯದ್ದು ಸಿಗತ್ತೆ, ಭಾರ. ಟ್ರಯಲ್ ನೋಡಿದಾಗ್ಲೇ ತಲೆನೋವು ಬಂತು.

ಅತ್ತೆ: ಬೆಂಡಲ್ಲಿ ಮಾಡಿಸು.

ಹುಡುಗಿ: ಮತ್ತೆ ಊರಿನ ಅಂಚಾ?

ಅತ್ತೆ: ಇದು ಅಂಚಲ್ಲವೇ, ಸಾಮಾನು. ಅದರಲ್ಲಿ ನೀನು ಬೇಕಾದ್ದು ಕೊರೆಸ್ಕೋ, ನಿನ್ನ ಎಲ್ಫ್ ದೇಶದ ಎಲೆಯನ್ನೇ ಕೊರೆಸು. ಬೆಂಡು ಅಂದ್ರೆ ಕೆರೆಯ ಜೌಗಲ್ಲಿ ಬೆಳೆಯೋ ಗಿಡದ ಕಾಂಡದ ತಿರುಳು. ಕೈಯಲ್ಲಿ ಹಿಡಿದ್ರೆ ಹಿಡಿದದ್ದೇ ಗೊತ್ತಾಗಲ್ಲ. ಗುಡಿಗಾರರು ಅದನ್ನ ಚೂಪು ಕತ್ತಿಯಲ್ಲಿ ಕಾಗದದಷ್ಟು ತೆಳ್ಳಗೆ ಸುಲೀತಾರೆ. ಶಿರಸಿ, ಸಿದ್ದಾಪುರ, ಸಾಗರ, ಸೊರಬದ ಕಡೆ ಗಂಧದ ಕೆತ್ತನೆ ಮಾಡೋ ಅದೇ ಕೈ. ಬಿಳೀ ಬೆಣ್ಣೆಯ ಬಣ್ಣ, ಬೇಕಾದ್ರೆ ರಂಗು ಹಾಕಬಹುದು. ಬಂಗಾಳದಲ್ಲಿ ಮದುಮಗನ ಟೋಪರ್ ಅಂತ ಉದ್ದ ಟೋಪಿ ಇದೆಯಲ್ಲ, ಅದೂ ಇದೇ ಜಾತಿಯ ಬೆಂಡಿಂದು. ಹಿಂದೆ ಬ್ರಿಟಿಷ್ ಸಾಹೇಬರು ಬಿಸಿಲಿಗೆ ಹಾಕ್ತಿದ್ದ ಸೋಲಾ ಟೋಪಿಯೂ ಅದೇ.

ಹುಡುಗಿ: ಸಾಹೇಬನ ಟೋಪಿ, ಬಂಗಾಳಿ ಮದುಮಗನ ಟೋಪಿ, ನಮ್ಮ ಬಾಸಿಂಗ, ಎಲ್ಲ ಒಂದೇ ತಿರುಳು?

ಅತ್ತೆ: ತಲೆ ಮೇಲೆ ಏರಿಸೋಕೆ ಹಗುರದ್ದು ಬೇಕು ಅನ್ನೋದು ಎಲ್ಲರಿಗೂ ಗೊತ್ತು. ಒಂದೇ ತೊಂದರೆ, ನೀರು ತಾಗಬಾರದು. ನಿನ್ನ ಮದುವೆ ಮೇ ತಿಂಗಳಲ್ಲಿ, ಸಂಜೆ ಗುಡುಗು ಮಳೆ ಹೇಳಿ ಕೇಳಿ ಬರಲ್ಲ. ಒಂದು ಡಬ್ಬಿ ಇಟ್ಕೋ, ಕಾರಿಂದ ಇಳಿದ ಮೇಲೆ ತಲೆಗೇರಿಸು. ಮತ್ತೆ ಬಾಸಿಂಗ ಮಾಡೋರ ಹತ್ರ ಹೋಗಿ ‘ಕಿರೀಟದ ಥರ’ ಅಂತ ಕೈಯಾಡಿಸಬೇಡ. ಫೋಟೋ ದೊಡ್ಡದು ಮಾಡಿ ತಗೊಂಡು ಹೋಗು. ತಲೆ ಸುತ್ತಳತೆ ಕೂದಲು ಕಟ್ಟಿದ ಮೇಲೆ ತೆಗೆಸು, ಮೊದಲಲ್ಲ. ಯಕ್ಷಗಾನದವರು ಬಣ್ಣ ಹಚ್ಚೋ ಚೌಕಿಯಲ್ಲಿ ಮುಂಡಾಸನ್ನ ಯಾಕೆ ಪ್ರತಿ ರಾತ್ರಿ ತಲೆ ಮೇಲೇ ಸುತ್ತಿ ಕಟ್ತಾರೆ? ಮಾಡಿಟ್ಟ ಟೋಪಿ ಕುಣಿತಕ್ಕೆ ನಿಲ್ಲಲ್ಲ. ಕಟ್ಟಿದ್ದು ತಲೆಯ ಜೊತೆ ತಲೆಯಾಗಿ ಕೂರತ್ತೆ. ಕೇದಗೆ ಮುಂದಲೆ ಕಟ್ಕೊಂಡ ಅಭಿಮನ್ಯು ಮಂಡಿ ತಿರುಗಿದ್ರೂ ಒಂದು ಎಳೆ ಅಲುಗಲ್ಲ.

ಹುಡುಗಿ: ಇನ್ನೊಂದು ಆಸೆ. ಮೇಲೆ ಹೊದೆಯೋಕೆ ಒಂದು ನಿಲುವಂಗಿ. ಯಲ್ಲಾಪುರದ ಕಡೆ ಸಿದ್ದಿ ಸಮುದಾಯದ ಹೆಂಗಸರು ಹೊಲಿಯೋ ಕೌದಿ ನೋಡಿದೀಯಲ್ಲ. ಹಳೇ ಸೀರೆ ತುಂಡುಗಳು, ಮೇಲೆಲ್ಲ ಸಾಲು ಸಾಲು ಓಟದ ಹೊಲಿಗೆ, ಮೂಲೆಗಳಲ್ಲಿ ಮಡಚಿ ಕೂರಿಸಿದ ಹೂವು. ಅದು ನಂಗೆ ಪುಸ್ತಕದ ನಕಾಶೆ ಥರ ಕಾಣತ್ತೆ. ನೀನು ಅದನ್ನ ನೋಡಿ ಹಾಗೇ ಮಾಡಿಕೊಡ್ತೀಯಾ?

ಅತ್ತೆ: ಇಲ್ಲ.

ಹುಡುಗಿ: ಬರಲ್ವಾ?

ಅತ್ತೆ: ಬರತ್ತೆ. ಮಾಡಲ್ಲ. ಅದು ಅವರ ಕೈ. ಆ ಮೂಲೆ ಹೂವನ್ನ ನಾನು ಕದ್ದು ಹೊಲಿದ್ರೆ ಊರಿನ ಮದುವೇಲಿ ಎಲ್ಲರೂ ನನ್ನ ಹೊಗಳ್ತಾರೆ, ಅವರಿಗೆ ಎಂತ ಸಿಕ್ಕಿತು? ಅವರನ್ನೇ ಕೇಳು. ಕೂಲಿ ಚೌಕಾಸಿ ಮಾಡಬೇಡ. ಮದುವೆಗೂ ಕರಿ. ಆದ್ರೆ ಮೈಗೆ ಹೊದೆಯೋಕೆ ಭಾರ ಆಗತ್ತೆ, ಅದು ಕೂಸು ಮಲಗಿಸೋಕೆ, ಚಳಿಗೆ ಹೊದೆಯೋಕೆ ಮಾಡಿದ ಸಾಮಾನು. ಮೇ ತಿಂಗಳಲ್ಲಿ ಕೌದಿ ಹೊದ್ದು ನಿಂತ್ರೆ ಎಲ್ಫ್ ರಾಣಿ ಬೆವರಿಳಿಸ್ತಾಳೆ. ಹಾಸಿಗೆಗೆ ಮಾಡಿಸ್ಕೋ.

ಹುಡುಗಿ: ನಿಲುವಂಗಿ ರದ್ದು. ತೋಳು ಮಾತ್ರ ಫೋಟೋದಲ್ಲಿದ್ದ ಹಾಗೇ ಬೇಕು. ಉದ್ದ, ಕೆಳಗೆ ಗಂಟೆಯ ಹಾಗೆ ಬಿಟ್ಟದ್ದು. ಇದರಲ್ಲಿ ರಾಜಿ ಇಲ್ಲ.

ಅತ್ತೆ: ಆ ತೋಳಲ್ಲಿ ಪಾಯಸ ಬಡಿಸ್ತೀಯಾ? ಬೀಗರ ಎಲೆಗೆ ತುಪ್ಪ ಹಾಕೋಕೆ ಕರೀತಾರೆ ನಿನ್ನ. ತೋಳು ಮೊದಲು ಸಾರಿಗಿಳಿಯತ್ತೆ, ಆಮೇಲೆ ಕೈ.

ಹುಡುಗಿ: ಆವತ್ತೊಂದು ದಿನ ತುಪ್ಪ ಅವನು ಬಡಿಸ್ಲಿ.

ಅತ್ತೆ: ಹೇಳಿದ್ಯಾ ಅವನಿಗೆ?

ಹುಡುಗಿ: ಹೇಳ್ತೀನಿ.

ಅತ್ತೆ: ಮೊದಲು ಹೇಳು, ಆಮೇಲೆ ತೋಳು ಕತ್ತರಿಸ್ತೀನಿ. ಆದ್ರೂ ಮೊಣಕೈ ಹತ್ರ ಒಳಗಡೆ ಎರಡು ಹುಕ್ಕು, ಒಂದು ನೂಲಿನ ಕುಣಿಕೆ ಇಡ್ತೀನಿ. ಊಟಕ್ಕೆ ಕೂತಾಗ ಮೇಲೆತ್ತಿ ಸಿಕ್ಕಿಸ್ಕೋ, ಹೊರಗಿಂದ ಕಾಣಲ್ಲ. ವೇಷದ ದಗಲೆಗೆ ನಾವು ಮಾಡ್ತೀವಿ ಹಾಗೆ, ಬೆವರಲ್ಲಿ ಕೈಗೆ ಅಂಟದಿರಲಿ ಅಂತ.

ಹುಡುಗಿ: ಬಟ್ಟೆ ಎಷ್ಟು ಬೇಕು?

ಅತ್ತೆ: ಕ್ರೇಪ್ ಸೀರೆ ಎರಡು, ಒಂದೇ ಬಣ್ಣದ್ದು, ಜರಿ ಸಣ್ಣದಿರೋದು. ಒಂದು ಸಲಕ್ಕೇ ಎರಡೂ ತಗೋ, ಆಮೇಲೆ ಹೋದ್ರೆ ಅದೇ ಹಸಿರು ಸಿಗಲ್ಲ. ಅಸ್ತರಿಗೆ ಹತ್ತಿ ಮಲ್ ಬಟ್ಟೆ, ಸ್ಯಾಟಿನ್ ಬೇಡ, ಬೆನ್ನು ಬೇಯತ್ತೆ. ಕಲಿಗಳನ್ನ ಬಿಡಿಸಿ ಮತ್ತೆ ಉಪಯೋಗಿಸೋ ಹಾಗೆ ಒಳಗೆ ಬಟ್ಟೆ ಬಿಟ್ಟು ಹೊಲಿತೀನಿ. ಒಂದು ದಿನದ ಉಡುಪಿಗೆ ಎರಡು ಸೀರೆ ಕೊಂದೆ ಅಂತ ನಿನ್ನ ಆಯಿ ನಂಗೆ ಜೀವನಪರ್ಯಂತ ಹೇಳ್ತಾಳೆ. ಮಗುವಿನ ಲಂಗಕ್ಕಾದರೂ ಆಗತ್ತೆ ಅಂತ ಹೇಳೋಕೆ ನಂಗೊಂದು ಉತ್ತರ ಬೇಕು.

ಹುಡುಗಿ: ಯಾವ ಮಗು ಅತ್ತೆ? ಈಗ್ಲೇ?

ಅತ್ತೆ: ಬಟ್ಟೆ ಬಿಡೋದು ಮಾತ್ರ ನನ್ನ ಕೆಲಸ. ಏಳು, ನೆಟ್ಟಗೆ ನಿಲ್ಲು, ಉಸಿರು ಹಿಡೀಬೇಡ. ಹೊಟ್ಟೆ ಒಳಗೆಳೆದು ಸೊಂಟದ ಅಳತೆ ಕೊಡೋರಿಗೆಲ್ಲ ಆವತ್ತು ಊಟದ ನಂತರ ಹುಕ್ಕು ಹಾರಿದೆ. ಹಾಂ, ಎದೆ 34, ಸೊಂಟ 29.

ಹುಡುಗಿ: 28!

ಅತ್ತೆ: ಟೇಪು ಸುಳ್ಳು ಹೇಳಲ್ಲ. ಉದ್ದ ಈಗ ತೆಗೆಯಲ್ಲ. ಆವತ್ತು ಹಾಕೋ ಚಪ್ಪಲಿ ತಗೊಂಡು ಬಾ, ಹಿಮ್ಮಡಿ ಎಷ್ಟಿದೆ ನೋಡದೆ ನಾನು ಅಂಚು ಮಡಚಲ್ಲ. ಬರುವಾಗ ಬಸ್ಸಲ್ಲೇ ಬಾ, ಅವನನ್ನೂ ಕರ್ಕೊಂಡು ಬಾ. ಶಲ್ಯದ ಅಂಚಿಗೂ ಒಂದು ಅಳತೆ ಬೇಕು, ತುಪ್ಪದ ವಿಷಯ ನಾನೇ ಕೇಳ್ತೀನಿ.